ಆಫೀಸ್ ಮೇಲ್, ಕ್ಯಾಲೆಂಡರ್, ಕಾಂಟ್ಯಾಕ್ಟ್ಸ್ ಮೂರೂ ಸರಿಯಾಗಿ ಸಿಂಕ್ ಆಗೋಕೆ ಯಾವ ಫೋನ್ ತಗೊಳ್ಳಲಿ?

ಸುಮಾ_ಓಡಾಟ:

ಎಲ್ರಿಗೂ ನಮಸ್ಕಾರ. ಹೊಸ ಫೋನ್ ತಗೋಬೇಕು, ಕ್ಯಾಮೆರಾ ಗೇಮಿಂಗ್ ಇದ್ಯಾವುದೂ ನನಗೆ ಮುಖ್ಯ ಅಲ್ಲ, ಪೂರ್ತಿ ಆಫೀಸ್ ಕೆಲಸಕ್ಕೆ ಅಂತಾನೇ. ನಂದು ಇಡೀ ದಿನ ಹೊರಗಡೆ ಓಡಾಡೋ ಕೆಲಸ, ಲ್ಯಾಪ್‌ಟಾಪ್ ತೆಗೆದು ಕೂರೋಕೆ ಪುರುಸೊತ್ತು ಸಿಗೋದೇ ಸಂಜೆ ಮೇಲೆ. ಮೀಟಿಂಗ್ ಎಲ್ಲಿ, ಎಷ್ಟೊತ್ತಿಗೆ, ಯಾರ ಜೊತೆ, ಅವ್ರ ನಂಬರ್ ಏನು ಎಲ್ಲಾ ಫೋನಲ್ಲೇ ನೋಡ್ಕೋಬೇಕು.

ಈಗ ಇರೋದು ಹಳೇ ಆಂಡ್ರಾಯ್ಡ್. ಮೇಲ್ ಔಟ್‌ಲುಕ್ ಆ್ಯಪಲ್ಲಿ ಬರತ್ತೆ, ಅದು ಟಕ್ ಅಂತ ಬರತ್ತೆ, ಅದರಲ್ಲಿ ಏನೂ ತೊಂದ್ರೆ ಇಲ್ಲ. ಕ್ಯಾಲೆಂಡರ್ ಮಾತ್ರ ನಾನು ಫೋನಿನ ಜೊತೆ ಬಂದಿರೋ ಕ್ಯಾಲೆಂಡರಲ್ಲಿ ನೋಡ್ತೀನಿ, ಯಾಕಂದ್ರೆ ಮನೇದು ಆಫೀಸಿಂದು ಎರಡೂ ಒಂದೇ ಕಡೆ ಕಾಣ್ಬೇಕು ನನಗೆ, ಮಗಳ ಸ್ಕೂಲ್ ಮೀಟಿಂಗ್ ಇರೋ ಟೈಮಿಗೇ ಕ್ಲೈಂಟ್ ಮೀಟಿಂಗ್ ಒಪ್ಕೊಂಡು ಬಿಟ್ರೆ ಕಷ್ಟ. ಆದ್ರೆ ಆ ಕ್ಯಾಲೆಂಡರ್ ಅದಕ್ಕೆ ಮನಸ್ಸು ಬಂದಾಗ ಅಪ್‌ಡೇಟ್ ಆಗತ್ತೆ. ಹನ್ನೊಂದಕ್ಕಿದ್ದ ಮೀಟಿಂಗ್ ಹತ್ತೂವರೆಗೆ ಹಿಂದಕ್ಕೆ ಹಾಕಿರ್ತಾರೆ, ಫೋನಲ್ಲಿ ಇನ್ನೂ ಹನ್ನೊಂದೇ ತೋರಿಸ್ತಿರತ್ತೆ, ಔಟ್‌ಲುಕ್ ಓಪನ್ ಮಾಡಿದ ತಕ್ಷಣ ಎರಡೂ ಕಡೆ ಸರಿಯಾಗತ್ತೆ.

ಕಾಂಟ್ಯಾಕ್ಟ್ಸ್ ಇನ್ನೊಂದು ತಲೆನೋವು. ಆಫೀಸಿನವ್ರು ಯಾರಾದ್ರೂ ಕಾಲ್ ಮಾಡಿದ್ರೆ ಬರೀ ನಂಬರ್ ಬರತ್ತೆ, ಹೆಸರು ಬರಲ್ಲ. ಲ್ಯಾಪ್‌ಟಾಪಲ್ಲಿ ಅವ್ರ ಹೆಸರು ಟೈಪ್ ಮಾಡಿದ್ರೆ ನಂಬರ್ ಸಮೇತ ಎಲ್ಲಾ ಇದೆ!

ಒಬ್ರು ಐಫೋನ್ ತಗೋ ಕಣ್ಣು ಮುಚ್ಕೊಂಡು ಅಂತಾರೆ, ಇನ್ನೊಬ್ರು ಒಳ್ಳೇ ಆಂಡ್ರಾಯ್ಡ್ ಸಾಕು ಅಂತಾರೆ. ಅದೂ ಅಲ್ದೆ ಆಫೀಸ್ ಐಟಿಯಿಂದ ಹೊಸ ಮೇಲ್ ಬಂದಿದೆ, ಇನ್ಮುಂದೆ ಪರ್ಸನಲ್ ಫೋನಲ್ಲಿ ಮೇಲ್ ನೋಡೋರು ಕಂಪನಿ ಆ್ಯಪ್ ಒಂದು ಹಾಕ್ಕೋಬೇಕು ಅಂತ. ಅದು ಹಾಕ್ಕೊಂಡ್ರೆ ನನ್ನ ಫೋಟೋ, ಮೆಸೇಜ್ ಎಲ್ಲಾ ಅವ್ರಿಗೆ ಕಾಣತ್ತಾ? ಗೊತ್ತಿರೋರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ಸರ್ವರ್‌ಮನೆ:

ಸುಮಾ ಅವ್ರೇ, ನಾನು ಮೇಲ್ ಸರ್ವರ್ ನೋಡ್ಕೊಳ್ಳೋ ಕೆಲಸದಲ್ಲೇ ಇರೋನು, ಹಾಗಾಗಿ ಆ ಕಡೆಯಿಂದ ಹೇಳ್ತೀನಿ. ಫೋನ್ ಯಾವ್ದು ಅನ್ನೋದು ಕೊನೇ ಪ್ರಶ್ನೆ. ಮೊದಲು ನಿಮ್ಮ ಐಟಿಯವ್ರನ್ನ ಕೇಳಿ: ಮೇಲ್ ಇರೋದು ಮೈಕ್ರೋಸಾಫ್ಟ್ 365ರಲ್ಲಾ, ಗೂಗಲ್ ವರ್ಕ್‌ಸ್ಪೇಸಲ್ಲಾ, ಇಲ್ಲಾ ಸ್ವಂತ ಸರ್ವರಲ್ಲಾ. ಫೋನಿನ ಸ್ವಂತ ಮೇಲ್ ಆ್ಯಪಿಗೆ ಅಕೌಂಟ್ ಸೇರಿಸೋಕೆ ಬಿಡ್ತಾರಾ, ಅಥವಾ ಔಟ್‌ಲುಕ್ ಆ್ಯಪ್ ಒಂದೇನಾ. ಕಂಪನಿ ಕಾಂಟ್ಯಾಕ್ಟ್ಸ್‌ನ ಫೋನಿಗೆ ಇಳಿಸ್ಕೊಳ್ಳೋಕೆ ಪರ್ಮಿಷನ್ ಇದ್ಯಾ. ಆಮೇಲೆ ಫೋನಲ್ಲಿ ಕನಿಷ್ಠ ಯಾವ ಆಂಡ್ರಾಯ್ಡ್ ಅಥವಾ ಐಒಎಸ್ ವರ್ಷನ್ ಇರ್ಬೇಕು. ಇಷ್ಟಕ್ಕೆ ಉತ್ತರ ಸಿಕ್ರೆ ಅರ್ಧ ಫೋನ್‌ಗಳು ತಾವಾಗೇ ಲಿಸ್ಟಿಂದ ಬಿದ್ದೋಗ್ತವೆ.

ಯಾಕೆ ಅಂತ ಹೇಳ್ತೀನಿ. ಮೇಲ್, ಕ್ಯಾಲೆಂಡರ್, ಕಾಂಟ್ಯಾಕ್ಟ್ಸ್ ಮೂರೂ ಒಂದೇ ದಾರೀಲಿ ಬರತ್ತೆ ಅಂತ ಜನ ಅಂದ್ಕೊಂಡಿರ್ತಾರೆ. ಹಾಗಿಲ್ಲ. ಐಮ್ಯಾಪ್ ಅಂತ ಅಕೌಂಟ್ ಹಾಕಿದ್ರೆ ಅದು ಮೇಲ್ ಮಾತ್ರ ತರತ್ತೆ, ಅದಕ್ಕೆ ಕ್ಯಾಲೆಂಡರ್ ಅಂದ್ರೆ ಏನು ಅಂತಾನೇ ಗೊತ್ತಿಲ್ಲ. ಕ್ಯಾಲೆಂಡರಿಗೆ ಕ್ಯಾಲ್‌ಡಾವ್, ಕಾಂಟ್ಯಾಕ್ಟ್ಸಿಗೆ ಕಾರ್ಡ್‌ಡಾವ್ ಅಂತ ಬೇರೆ ಬೇರೆ ಇದಾವೆ. ಮೂರನ್ನೂ ಒಟ್ಟಿಗೆ ಹೊತ್ಕೊಂಡು ಬರೋದು ಎಕ್ಸ್‌ಚೇಂಜ್ ಆ್ಯಕ್ಟಿವ್‌ಸಿಂಕ್, ಎಕ್ಸ್‌ಚೇಂಜ್ ಅಂದ್ರೆ ಮೈಕ್ರೋಸಾಫ್ಟಿನ ಮೇಲ್ ಸರ್ವರ್. ಇದು ಕೆಲಸ ಮಾಡೋ ರೀತಿ ಚೆನ್ನಾಗಿದೆ, ಫೋನು ಸರ್ವರಿಗೆ ಒಂದು ರಿಕ್ವೆಸ್ಟ್ ಕಳ್ಸಿ "ಏನಾದ್ರೂ ಹೊಸದು ಬಂದ್ರೆ ಹೇಳು" ಅಂತ ಕೇಳತ್ತೆ, ಸರ್ವರ್ ತಕ್ಷಣ ಉತ್ತರ ಕೊಡದೆ ಆ ಕನೆಕ್ಷನ್ನ ಒಂದಷ್ಟು ನಿಮಿಷ ಹಾಗೇ ಹಿಡ್ಕೊಂಡಿರತ್ತೆ, ಅಷ್ಟರಲ್ಲಿ ಮೇಲೋ ಮೀಟಿಂಗೋ ಬಂದ್ರೆ ಆಗಲೇ ಉತ್ತರ ಕೊಡತ್ತೆ, ಬರ್ಲಿಲ್ಲ ಅಂದ್ರೆ ಟೈಮ್ ಮುಗಿದು ಫೋನು ಮತ್ತೆ ಕೇಳತ್ತೆ. ಐಫೋನಿಗೆ ಇದು 2008ರಲ್ಲಿ, ಎರಡನೇ ವರ್ಷನ್ ಸಾಫ್ಟ್‌ವೇರ್ ಬಂದಾಗ ಸೇರ್ಕೊಳ್ತು, ಆಫೀಸುಗಳಿಗೆ ಐಫೋನ್ ಕಾಲಿಟ್ಟಿದ್ದು ಅಲ್ಲಿಂದಾಚೆಗೆ.

ಹಾಗಿದ್ರೆ ಎಲ್ಲಾ ಐಟಿಯವ್ರೂ ಅದನ್ನೇ ಯಾಕೆ ಬಿಡಲ್ಲ ಅಂತ ಕೇಳ್ಬಹುದು. ಪ್ರತಿ ಫೋನ್ ಕಂಪನಿನೂ ತನ್ನದೇ ರೀತೀಲಿ ಇದನ್ನ ಬರೆದಿರತ್ತೆ, ಒಂದು ಕಡೆ ಬಗ್ ಇದ್ರೆ ಏಟು ಬೀಳೋದು ಸರ್ವರಿಗೆ. 2013ರಲ್ಲಿ ಐಒಎಸ್ 6.1 ಬಂದಾಗ ಕ್ಯಾಲೆಂಡರಿನ ಒಂದು ತಪ್ಪಿಂದ ಫೋನುಗಳು ಎಕ್ಸ್‌ಚೇಂಜ್ ಸರ್ವರ್ ಜೊತೆ ಬಿಡದೆ ಮಾತಾಡ್ತಾ ಸರ್ವರಿನ ಲಾಗ್ ಫೈಲ್‌ಗಳು ಊದ್ಕೊಂಡಿದ್ವು, 6.1.2ರಲ್ಲಿ ಸರಿ ಮಾಡಿದ್ರು. ಆಮೇಲೆ ಸೆಕ್ಯೂರಿಟಿ. 2022ರ ಅಕ್ಟೋಬರ್ 1ರಿಂದ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಆನ್‌ಲೈನಲ್ಲಿ ಬರೀ ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗೋ ಹಳೇ ಪದ್ಧತಿನ ಮುಚ್ಚೋಕೆ ಶುರು ಮಾಡ್ತು. ಈಗ ಬ್ರೌಸರ್ ತರದ ಪೇಜ್ ಬಂದು, ಎರಡನೇ ಹಂತದ ಕನ್ಫರ್ಮೇಷನ್ ಕೇಳಿ, ಆಮೇಲೆ ಒಳಗೆ ಬಿಡೋದು. ಇದು ಬರದೇ ಇರೋ ಹಳೇ ಮೇಲ್ ಆ್ಯಪ್ ಪಾಸ್‌ವರ್ಡ್ ಸರಿ ಇದ್ರೂ ಮತ್ತೆ ಮತ್ತೆ ಕೇಳ್ತಾನೇ ಇರತ್ತೆ.

ನಿಮ್ಮ ಕ್ಯಾಲೆಂಡರ್ ಲೇಟಾಗೋದಕ್ಕೆ ಕಾರಣ ಫೋನ್ ಔಟ್‌ಲುಕ್ಕನ್ನ ಮಲಗಿಸ್ತಿರೋದು ಅಂತ ನನ್ನ ಅಂದಾಜು. ಮೇಲ್ ನೋಟಿಫಿಕೇಷನ್ ಗೂಗಲ್ಲಿನ ಪುಶ್ ಸರ್ವೀಸ್ (ಹೊಸದು ಬಂದ ತಕ್ಷಣ ಫೋನಿಗೆ ತಾನಾಗೇ ತಳ್ಳೋ ವ್ಯವಸ್ಥೆ) ಮೂಲಕ ಬರತ್ತೆ, ಅದಕ್ಕೆ ಆ್ಯಪ್ ಎದ್ದಿರಲೇಬೇಕು ಅಂತಿಲ್ಲ. ಔಟ್‌ಲುಕ್ಕಿಂದ ಫೋನಿನ ಕ್ಯಾಲೆಂಡರಿಗೆ ಕಾಪಿ ಆಗೋದು ಮಾತ್ರ ಹಿಂದುಗಡೆ ಆ ಆ್ಯಪ್ ಓಡ್ತಿದ್ರೇನೇ. ಬ್ಯಾಟರಿ ಬಗ್ಗೆ ಬೇರೆ ಯಾರಾದ್ರೂ ವಿವರವಾಗಿ ಹೇಳ್ತಾರೆ.

ಮಲ್ಲು_ಸೇಲ್ಸ್:

ಅಕ್ಕಾರ, ಕಾಂಟ್ಯಾಕ್ಟ್ ಬಗ್ಗೆ ನಾ ಹೇಳ್ತೀನಿ, ನಂದೂ ದಿನಾ ಫೋನ್ ಕಿವಿಗೆ ಹಚ್ಚಿಕೊಂಡ ಇರೂ ಕೆಲಸ.

ಲ್ಯಾಪ್‌ಟಾಪಿನ್ಯಾಗ ಹೆಸರು ಹೊಡದ ಕೂಡ್ಲೆ ಬರ್ತೈತಲ್ರಿ, ಅದು ನಿಮ್ಮ ಕಾಂಟ್ಯಾಕ್ಟ್ ಅಲ್ಲ, ಕಂಪನಿ ಡೈರೆಕ್ಟರಿ. ಗ್ಲೋಬಲ್ ಅಡ್ರೆಸ್ ಲಿಸ್ಟ್ ಅಂತಾರ ಅದಕ್ಕ. ಅದು ಸರ್ವರಿನ್ಯಾಗ ಇರ್ತೈತಿ, ನೀವು ಹುಡುಕಿದಾಗ ಅಷ್ಟ ತೋರಸ್ತೈತಿ, ಫೋನಿಗೆ ಇಳಿಯೂದಿಲ್ಲ. ಕಾಲ್ ಬಂದಾಗ ಫೋನ್ ನೋಡೂದು ತನ್ನ ಹಂತ್ಯಾಕ ಇರೂ ಕಾಂಟ್ಯಾಕ್ಟ್ ಅಷ್ಟ, ಸರ್ವರಿಗೆ ಹೋಗಿ ಇವ್ರ್ಯಾರು ಅಂತ ಕೇಳೂದಿಲ್ಲ. ಅದಕ್ಕ ಹೆಸರು ಬರೂದಿಲ್ಲ. ಎಷ್ಟ ದೊಡ್ಡ ಫೋನ್ ತಗೊಂಡ್ರೂ ಇದು ಹಿಂಗ ಇರ್ತೈತ್ರಿ.

ಮಾಡೂದೇನಂದ್ರ, ಔಟ್‌ಲುಕ್ಕಿನ್ಯಾಗ ಆ ಮನಷ್ಯಾನ ಕಾರ್ಡ್ ತಗೀರಿ, ಕಾಂಟ್ಯಾಕ್ಟಿಗೆ ಸೇರಿಸು ಅಂತಿರ್ತೈತಿ, ಒತ್ತರಿ. ಆಮ್ಯಾಲೆ ಔಟ್‌ಲುಕ್ ಸೆಟ್ಟಿಂಗ್‌ನ್ಯಾಗ ನಿಮ್ಮ ಅಕೌಂಟ್ ಒಳಗ ಹೋಗಿ ಕಾಂಟ್ಯಾಕ್ಟ್ ಸಿಂಕ್ ಮಾಡೂ ಸ್ವಿಚ್ ಆನ್ ಮಾಡ್ರಿ. ಎಲ್ಲಾರನ್ನೂ ಸೇರಸಾಕ ಹೋಗಬ್ಯಾಡ್ರಿ, ದಿನಾ ಮಾತಾಡೂ ಮಂದಿ ಅಷ್ಟ ಸಾಕು.

ಇಲ್ಲೊಂದು ಫರಕ್ ಐತಿ. ಆಂಡ್ರಾಯ್ಡಿನ್ಯಾಗ ಇದು ಎರಡೂ ಕಡೆ ನಡೀತೈತಿ, ಫೋನಿನ ಕಾಂಟ್ಯಾಕ್ಟಿನ್ಯಾಗ ನೀವು ನಂಬರ್ ತಿದ್ದಿದ್ರ ಔಟ್‌ಲುಕ್ಕಿಗೂ ಹೋಗ್ತೈತಿ. ಐಫೋನಿನ್ಯಾಗ ಔಟ್‌ಲುಕ್ಕಿಂದ ಫೋನಿಗೆ ಅಷ್ಟ ಬರ್ತೈತಿ, ಒನ್‌ವೇ. ಅಲ್ಲಿ ಫೋನಿನ ಕಾಂಟ್ಯಾಕ್ಟಿನ್ಯಾಗ ಏನರ ತಿದ್ದಿದ್ರ ಅದು ಮ್ಯಾಲೆ ಹೋಗೂದಿಲ್ಲ, ಮುಂದಿನ ಸಿಂಕಿಗೆ ಹಳೇದ ಬಂದ ಕುಂಡ್ರತೈತಿ. ತಿದ್ದೂದಿದ್ರ ಔಟ್‌ಲುಕ್ ಒಳಗ ತಿದ್ದಬೇಕು.

ಮತ್ತ ಹೊಸ ನಂಬರ್ ಸೇವ್ ಮಾಡೂ ಮುಂದ ಮ್ಯಾಲೆ ಯಾವ ಅಕೌಂಟ್ ತೋರಸಾಕತ್ತೈತಿ ನೋಡ್ರಿ. ಸುಮ್ಮ ಸೇವ್ ಒತ್ತಿದ್ರ ಒಮ್ಮೊಮ್ಮೆ ಫೋನಿನ ಮೆಮೊರಿಗೆ ಹೋಗ್ತೈತಿ, ಒಮ್ಮೊಮ್ಮೆ ಜಿಮೇಲಿಗೆ ಹೋಗ್ತೈತಿ. ಫೋನ್ ಮೆಮೊರಿಗೆ ಹೋಗಿದ್ದು ಫೋನ್ ಕಳದ್ರ ಅದರ ಜೋಡಿ ಹೋತು. ಕ್ಲೈಂಟ್ ನಂಬರ್ ಎಲ್ಲಾ ಆಫೀಸ್ ಅಕೌಂಟಿಗೆ, ಮನೀ ಮಂದಿದು ನಿಮ್ಮ ಸ್ವಂತ ಅಕೌಂಟಿಗೆ. ಇದೊಂದು ಮೊದಲ ಸೆಟ್ ಮಾಡ್ಕೋರಿ ಅಕ್ಕಾರ, ಕೆಲಸ ಬಿಟ್ಟ ದಿನ ಆಫೀಸ್ ಅಕೌಂಟ್ ತಗದ್ರ ಅದರಾಗಿನ ಹೆಸರೆಲ್ಲಾ ಒಂದ ಏಟಿಗೆ ಹೋಗ್ತಾವ, ಆವಾಗ ನಿಮ್ಮ ತವರಮನಿ ನಂಬರ್ ಅದರಾಗ ಇರಬಾರದು.

ಹಣ್ಣೆಲೆ:

ಐಫೋನ್ ಅಂದವ್ರ ಮಾತನ್ನ ಅಷ್ಟು ಸುಲಭಕ್ಕೆ ತಳ್ಳಿ ಹಾಕ್ಬೇಡಿ ಸುಮಾ ಅವ್ರೇ. ಸೆಟ್ಟಿಂಗ್ಸಲ್ಲಿ ಮೇಲ್ ಅಕೌಂಟ್ ಸೇರಿಸೋವಾಗ ಎಕ್ಸ್‌ಚೇಂಜ್ ಅಂತ ಆರಿಸ್ಕೊಂಡ್ರೆ ಮೇಲ್, ಕಾಂಟ್ಯಾಕ್ಟ್ಸ್, ಕ್ಯಾಲೆಂಡರ್, ರಿಮೈಂಡರ್ಸ್, ನೋಟ್ಸ್ ಅಂತ ಸಾಲಾಗಿ ಸ್ವಿಚ್‌ಗಳು ಬರತ್ವೆ, ಬೇಕಾದ್ದು ಆನ್ ಮಾಡಿದ್ರೆ ಮುಗೀತು. ಮನೇ ಕ್ಯಾಲೆಂಡರ್ ಒಂದು ಬಣ್ಣ, ಆಫೀಸಿಂದು ಇನ್ನೊಂದು ಬಣ್ಣ, ಒಂದೇ ಸ್ಕ್ರೀನಲ್ಲಿ. ವಾಚಲ್ಲೂ ಕಾಣತ್ತೆ, ಕಾರಿನ ಸ್ಕ್ರೀನಲ್ಲೂ ಬರತ್ತೆ. ನಿಮಗೆ ಬೇಕಾಗಿರೋದು ಸರಿಯಾಗಿ ಇದೇ ಅಲ್ವಾ.

ಎರಡು ಸೆಟ್ಟಿಂಗ್ ಮಾತ್ರ ನೋಡ್ಕೊಳಿ. ಡೇಟಾ ಫೆಚ್ ಅನ್ನೋ ಕಡೆ ಆಫೀಸ್ ಅಕೌಂಟಿಗೆ ಪುಶ್ ಅಂತಿರ್ಬೇಕು. ಆಮೇಲೆ ಡೀಫಾಲ್ಟ್ ಕ್ಯಾಲೆಂಡರ್ ಯಾವ್ದು ಅಂತ ನೀವೇ ಆರಿಸಿ, ಇಲ್ದಿದ್ರೆ ನೀವು ಹಾಕಿದ ಕ್ಲೈಂಟ್ ಮೀಟಿಂಗ್ ಮನೇ ಕ್ಯಾಲೆಂಡರಲ್ಲಿ ಕೂತಿರತ್ತೆ, ಆಫೀಸಲ್ಲಿ ಯಾರಿಗೂ ಕಾಣಲ್ಲ, ನೀವು ಫ್ರೀ ಇದೀರ ಅಂದ್ಕೊಂಡು ಅದೇ ಟೈಮಿಗೆ ಇನ್ನೊಂದು ಹಾಕ್ತಾರೆ.

ಆಂಡ್ರಾಯ್ಡಲ್ಲಿ ಒಂದೊಂದು ಫೋನಲ್ಲಿ ಒಂದೊಂದು ಮೇಲ್ ಆ್ಯಪು, ಒಂದೊಂದು ಕಡೆ ಒಂದೊಂದು ಹೆಸರಿನ ಸೆಟ್ಟಿಂಗು. ಓಡಾಡೋ ಕೆಲಸದವ್ರಿಗೆ ಅಷ್ಟೆಲ್ಲ ಹುಡುಕ್ತಾ ಕೂರೋಕೆ ಟೈಮೆಲ್ಲಿ?

ಸರ್ವರ್‌ಮನೆ:

@ಹಣ್ಣೆಲೆ, ನೀವು ಹೇಳಿದ್ದು ಐಟಿಯವ್ರು ಫೋನಿನ ಸ್ವಂತ ಮೇಲ್ ಆ್ಯಪಿಗೆ ಬಿಟ್ರೆ ಪೂರ್ತಿ ನಿಜ. ಔಟ್‌ಲುಕ್ ಮಾತ್ರ ಅಂತ ರೂಲ್ ಇದ್ರೆ ಐಫೋನಲ್ಲಿ ಲೆಕ್ಕ ತಿರುಗತ್ತೆ, ಯಾಕಂದ್ರೆ ಔಟ್‌ಲುಕ್ ಆ್ಯಪಿನ ಕ್ಯಾಲೆಂಡರ್ ಐಫೋನಿನ ಸ್ವಂತ ಕ್ಯಾಲೆಂಡರಿಗೆ ಇಳಿಯಲ್ಲ. ಆಂಡ್ರಾಯ್ಡಲ್ಲಿ ಇಳಿಸೋ ಸ್ವಿಚ್ ಇದೆ, ಸುಮಾ ಅವ್ರು ಈಗ ಬಳಸ್ತಿರೋದೂ ಅದನ್ನೇ. ಅದಕ್ಕೇ ಐಟಿನ ಮೊದಲು ಕೇಳಿ ಅಂದಿದ್ದು.

ಸುಮಾ_ಓಡಾಟ:

ಎಷ್ಟೊಂದು ವಿವರ, ಎಲ್ರಿಗೂ ತುಂಬಾ ಥ್ಯಾಂಕ್ಸ್. ಮಲ್ಲು ಅಣ್ಣ, ಡೈರೆಕ್ಟರಿ ಬೇರೆ ಕಾಂಟ್ಯಾಕ್ಟ್ ಬೇರೆ ಅನ್ನೋದು ಈಗ ಅರ್ಥ ಆಯ್ತು, ಇಷ್ಟು ದಿನ ಫೋನೇ ಸರಿ ಇಲ್ಲ ಅನ್ಕೊಂಡಿದ್ದೆ.

ಐಟಿಯವ್ರ ಹತ್ರ ಮಾತಾಡ್ದೆ. ಮೈಕ್ರೋಸಾಫ್ಟ್ 365 ಅಂತೆ. ಔಟ್‌ಲುಕ್ ಆ್ಯಪ್ ಒಂದೇ, ಬೇರೆ ಮೇಲ್ ಆ್ಯಪ್ ಬ್ಲಾಕ್. ಕಾಂಟ್ಯಾಕ್ಟ್ಸ್, ಕ್ಯಾಲೆಂಡರ್ ಫೋನಿಗೆ ಸಿಂಕ್ ಮಾಡೋಕೆ ಬಿಡ್ತಾರಂತೆ. ಇಂಟ್ಯೂನ್ ಅಂತ ಏನೋ ಹೇಳಿದ್ರು, ಪರ್ಸನಲ್ ಫೋನಿಗೆ "ಆ್ಯಪ್ ಪ್ರೊಟೆಕ್ಷನ್ ಮಾತ್ರ, ಎನ್‌ರೋಲ್ ಮಾಡಲ್ಲ" ಅಂದ್ರು, ಬೇಕಿದ್ರೆ ವರ್ಕ್ ಪ್ರೊಫೈಲ್ ಕೂಡ ಮಾಡ್ಕೋಬಹುದು ಅಂದ್ರು. ಇವೆರಡರ ವ್ಯತ್ಯಾಸ ಏನು? ನನಗೆ ಭಯ ಇರೋದು ಒಂದೇ, ನಾಳೆ ಅವ್ರು ಫೋನ್ ಅಳಿಸಿದ್ರೆ ಮಗಳ ಫೋಟೋ ಎಲ್ಲಾ ಹೋಗಿಬಿಡತ್ತಾ ಅಂತ.

ಇನ್ನೊಂದು, ಒಬ್ರು ಕ್ಲೈಂಟ್ ತಮ್ಮ ಟೀಮಿನ ಕ್ಯಾಲೆಂಡರ್ ಲಿಂಕ್ ಕಳ್ಸಿದಾರೆ, ಕೊನೇಲಿ ಐಸಿಎಸ್ ಅಂತಿದೆ. ಅದನ್ನ ಸೇರಿಸ್ಕೊಂಡ್ರೆ ಅವ್ರು ಬದಲಾಯಿಸಿದ ತಕ್ಷಣ ನನಗೂ ಬರತ್ತಾ?

ಬೀಗದಕೈ:

ನಿಮ್ಮ ಭಯಕ್ಕೆ ಕಾರಣ ಇದೆ, ಸುಳ್ಳಲ್ಲ ಅದು. ಹಿಂದೆ ಆಂಡ್ರಾಯ್ಡ್ ಫೋನಿನ ಮೇಲ್ ಆ್ಯಪಿಗೆ ಎಕ್ಸ್‌ಚೇಂಜ್ ಅಕೌಂಟ್ ಹಾಕಿದಾಗ ಒಂದು ಸ್ಕ್ರೀನ್ ಬರೋದು, ಡಿವೈಸ್ ಅಡ್ಮಿನ್ ಆ್ಯಕ್ಟಿವೇಟ್ ಮಾಡಿ ಅಂತ, ಅದರ ಕೆಳಗಿನ ಪಟ್ಟೀಲಿ ಮೊದಲ ಸಾಲೇ "ಎಲ್ಲಾ ಡೇಟಾ ಅಳಿಸು". ಬಹಳ ಜನ ಓದದೆ ಒಪ್ಕೊಂಡು ಬಿಡ್ತಿದ್ರು. ಅದರ ಅರ್ಥ ಐಟಿಯವ್ರು ರಿಮೋಟ್ ವೈಪ್ ಒತ್ತಿದ್ರೆ ಮೇಲ್ ಜೊತೆ ಫೋಟೋನೂ ಹೋಗತ್ತೆ, ಪೂರ್ತಿ ಫೋನ್ ಹೊಸದಾಗತ್ತೆ ಅಂತ.

ನಿಮ್ಮ ಆಫೀಸಿನವ್ರು ಹೇಳಿದ್ದು ಆ ತರದ್ದಲ್ಲ. ಇಂಟ್ಯೂನ್ ಅಂದ್ರೆ ಕೆಲಸಕ್ಕೆ ಬಳಸೋ ಫೋನು, ಆ್ಯಪ್‌ಗಳಿಗೆ ಕಂಪನಿ ರೂಲ್ ಹಾಕೋಕೆ ಇರೋ ಮೈಕ್ರೋಸಾಫ್ಟ್ ಸರ್ವೀಸು, ಎನ್‌ರೋಲ್ ಅಂದ್ರೆ ಫೋನನ್ನೇ ಅದರ ನಿರ್ವಹಣೆಗೆ ಸೇರಿಸೋದು. ಆ್ಯಪ್ ಪ್ರೊಟೆಕ್ಷನ್ ಅಂದ್ರೆ ರೂಲ್ ಅನ್ವಯ ಆಗೋದು ಔಟ್‌ಲುಕ್, ಟೀಮ್ಸ್ ತರದ ಆ್ಯಪ್ ಒಳಗಷ್ಟೇ. ಅದನ್ನ ತೆಗೆಯೋಕೆ ಒಂದು ಪಿನ್ ಕೇಳಬಹುದು, ಆಫೀಸ್ ಮೇಲಿಂದ ಕಾಪಿ ಮಾಡಿ ನಿಮ್ಮ ವಾಟ್ಸಾಪಿಗೆ ಪೇಸ್ಟ್ ಮಾಡೋಕೆ ಹೋದ್ರೆ ಬಿಡದೇ ಇರಬಹುದು. ಅವ್ರು ಅಳಿಸಿದ್ರೂ ಆ ಆ್ಯಪ್ ಒಳಗಿನ ಆಫೀಸ್ ಡೇಟಾ ಮಾತ್ರ ಹೋಗತ್ತೆ. ಆಂಡ್ರಾಯ್ಡಲ್ಲಿ ಇದಕ್ಕೆ ಕಂಪನಿ ಪೋರ್ಟಲ್ ಅನ್ನೋ ಆ್ಯಪ್ ಫೋನಲ್ಲಿರಬೇಕು, ನಿಮ್ಮವ್ರು ಹಾಕ್ಕೊಳ್ಳಿ ಅಂದಿದ್ದು ಬಹುಶಃ ಅದೇ. ಹಾಕ್ಕೊಂಡ ಮಾತ್ರಕ್ಕೆ ಫೋನು ಎನ್‌ರೋಲ್ ಆಗಲ್ಲ.

ವರ್ಕ್ ಪ್ರೊಫೈಲ್ ಆಂಡ್ರಾಯ್ಡ್ 5.0ರ ಕಾಲದಿಂದ, ಅಂದ್ರೆ 2014ರಿಂದ ಇರೋದು. ಒಂದೇ ಮನೇಲಿ ಆಫೀಸಿಗೆ ಅಂತ ಬೇರೆ ಬಾಗ್ಲು ಬೇರೆ ಬೀಗ ಇರೋ ರೂಮ್ ಮಾಡ್ಕೊಂಡ ಹಾಗೆ ಅದು. ಆಫೀಸ್ ಆ್ಯಪ್‌ಗಳ ಐಕಾನ್ ಮೂಲೇಲಿ ಪುಟ್ಟ ಬ್ರೀಫ್‌ಕೇಸ್ ಗುರುತು ಇರತ್ತೆ. ಐಟಿಯವ್ರ ಕೈ ಆ ಕಡೆಗಷ್ಟೇ, ಈ ಕಡೆ ಇರೋ ಫೋಟೋ, ಮೆಸೇಜು, ನಿಮ್ಮ ಆ್ಯಪ್‌ಗಳು ಅವ್ರಿಗೆ ಕಾಣಲ್ಲ. ಕೆಲಸ ಬಿಟ್ರೆ ಪ್ರೊಫೈಲ್ ತೆಗೀತಾರೆ, ಫೋಟೋ ಇದ್ದಲ್ಲೇ ಇರತ್ತೆ. ರಜಾ ದಿನ ಪ್ರೊಫೈಲನ್ನ ಪಾಜ್ ಮಾಡಿಟ್ರೆ ಒಂದು ನೋಟಿಫಿಕೇಷನ್ನೂ ಬರಲ್ಲ, ಇದೊಂದು ಸೌಕರ್ಯ ನನಗೆ ತುಂಬಾ ಇಷ್ಟ. ಐಫೋನಲ್ಲೂ 2019ರಲ್ಲಿ ಐಒಎಸ್ 13 ಜೊತೆ ಯೂಸರ್ ಎನ್‌ರೋಲ್‌ಮೆಂಟ್ ಅಂತ ಬಂತು, ಅಲ್ಲೂ ಆಫೀಸ್ ಡೇಟಾ ಬೇರೆ ಜಾಗದಲ್ಲಿ ಇರತ್ತೆ, ಪೂರ್ತಿ ಫೋನ್ ಅಳಿಸೋ ಅಧಿಕಾರ ಕಂಪನಿಗೆ ಇರಲ್ಲ.

ಆದ್ರೆ ನಿಮ್ಮ ವಿಷಯಕ್ಕೆ ಬಂದ್ರೆ ವರ್ಕ್ ಪ್ರೊಫೈಲ್ ಬೇಡ ಅನ್ಸತ್ತೆ ನನಗೆ. ಔಟ್‌ಲುಕ್ ಆ ರೂಮಿನ ಒಳಗೆ ಕೂತ್ರೆ ಅದರ ಕ್ಯಾಲೆಂಡರೂ ಅಲ್ಲೇ ಉಳಿಯತ್ತೆ, ಐಟಿಯವ್ರು ಬಿಡದೇ ಇದ್ರೆ ನಿಮ್ಮ ಮನೇ ಕ್ಯಾಲೆಂಡರ್ ಜೊತೆ ಒಂದೇ ಸ್ಕ್ರೀನಲ್ಲಿ ನೋಡೋ ಆಸೆ ಈಡೇರಲ್ಲ. ಕಾಲ್ ಬಂದಾಗ ಆ ಕಡೆ ಕಾಂಟ್ಯಾಕ್ಟಿನ ಹೆಸರು ಈ ಕಡೆ ತೋರಿಸೋದೂ ಐಟಿಯವ್ರು ಬಿಟ್ರೆ ಮಾತ್ರ. ಆ್ಯಪ್ ಪ್ರೊಟೆಕ್ಷನ್ನಲ್ಲೇ ಇರಿ. "ವೈಪ್ ಮಾಡಿದ್ರೆ ಏನೇನು ಹೋಗತ್ತೆ" ಅಂತ ಮಾತ್ರ ಅವ್ರಿಂದ ಮೇಲಲ್ಲೇ ಬರೆಸ್ಕೊಳಿ, ಕೇಳೋದು ನಿಮ್ಮ ಹಕ್ಕು. ಫೋಟೋ ಬ್ಯಾಕಪ್ ಹೇಗಿದ್ರೂ ಇರಲಿ, ಫೋನ್ ನೀರಿಗೆ ಬಿದ್ರೆ ಅದಕ್ಕೆ ಯಾವ ಪಾಲಿಸಿನೂ ಇಲ್ಲ.

ಪುಟ್ಟಸರ್ವರ್:

ಐಸಿಎಸ್ ಲಿಂಕ್ ಬಗ್ಗೆ: ತಕ್ಷಣ ಬರಲ್ಲ. ಅದು ಬರೀ ಓದೋಕೆ ಇರೋ ಕ್ಯಾಲೆಂಡರ್, ನಿಮ್ಮ ಕಡೆ ಇರೋ ಸರ್ವೀಸು ಆಗಾಗ ಹೋಗಿ ಆ ಲಿಂಕ್ ಓದ್ಕೊಂಡು ಬರತ್ತೆ, ಎಷ್ಟೊತ್ತಿಗೊಮ್ಮೆ ಅನ್ನೋದು ಅದರ ಇಷ್ಟ, ಗಂಟೆಗಟ್ಟಲೆ ಆಗಬಹುದು. ಮುಂದಿನ ವಾರ ಅವ್ರು ಯಾವಾಗ ಬಿಡುವಾಗಿದಾರೆ ಅಂತ ನೋಡೋಕೆ ಸರಿ. ಇವತ್ತಿನ ಮೀಟಿಂಗ್ ಬದಲಾಯ್ತಾ ಅಂತ ಅದನ್ನ ನಂಬ್ಕೊಂಡು ಹೊರಡಬೇಡಿ. ನಿಮ್ಮ ಆಫೀಸ್ ಮೇಲಿಗೆ ಇನ್ವೈಟ್ ಕಳ್ಸೋಕೆ ಹೇಳಿ ಅವ್ರಿಗೆ, ಆಗ ಅವ್ರು ಟೈಮ್ ಬದಲಾಯಿಸಿದ್ರೆ ಅಪ್‌ಡೇಟ್ ಮೇಲ್ ಆಗಿ ಬಂದು ನಿಮ್ಮ ಕ್ಯಾಲೆಂಡರಲ್ಲೂ ಸರಿಯಾಗತ್ತೆ.

ಈ ಥ್ರೆಡ್ ಓದೋ ಬೇರೆಯವ್ರಿಗೆ ಒಂದು ಮಾತು. ಎಲ್ರ ಆಫೀಸಲ್ಲೂ ಮೈಕ್ರೋಸಾಫ್ಟೇ ಇರಲ್ಲ. ನಾವು ಸಣ್ಣ ಸಂಸ್ಥೆ, ನಮ್ಮದೇ ಸರ್ವರು, ಮೇಲಿಗೆ ಐಮ್ಯಾಪು, ಕ್ಯಾಲೆಂಡರಿಗೆ ಕ್ಯಾಲ್‌ಡಾವ್, ಹೆಸರು ನಂಬರಿಗೆ ಕಾರ್ಡ್‌ಡಾವ್. ಇವು ಯಾವ ಕಂಪನಿಯ ಸ್ವತ್ತೂ ಅಲ್ಲದ ಓಪನ್ ಸ್ಟ್ಯಾಂಡರ್ಡ್‌ಗಳು, ಕ್ಯಾಲ್‌ಡಾವ್ 2007ರಲ್ಲಿ, ಕಾರ್ಡ್‌ಡಾವ್ 2011ರಲ್ಲಿ ಬಂದಿದ್ದು. ಐಫೋನಲ್ಲಿ ಇವೆರಡಕ್ಕೂ ಜಾಗ ಸೆಟ್ಟಿಂಗ್ಸಲ್ಲೇ ಇದೆ, ಸರ್ವರ್ ಅಡ್ರೆಸ್ ಪಾಸ್‌ವರ್ಡ್ ಕೊಟ್ರೆ ಆಯ್ತು. ಆಂಡ್ರಾಯ್ಡಲ್ಲಿ ಅದಾಗೇ ಬರಲ್ಲ, ಡಾವ್‌ಎಕ್ಸ್5 ಅನ್ನೋ ಓಪನ್ ಸೋರ್ಸ್ ಆ್ಯಪ್ ಹಾಕ್ಕೊಂಡ್ರೆ ಅದು ಎರಡನ್ನೂ ತಂದು ಫೋನಿನ ಸ್ವಂತ ಕ್ಯಾಲೆಂಡರ್, ಕಾಂಟ್ಯಾಕ್ಟ್ಸಿಗೆ ತುಂಬತ್ತೆ. ನಮ್ಮಲ್ಲಿ ಎಲ್ರೂ ಅದನ್ನೇ ಬಳಸೋದು, ಅಚ್ಚುಕಟ್ಟಾಗಿ ಕೆಲಸ ಮಾಡತ್ತೆ. ನಮ್ಮಂಥವ್ರಿಗೆ ಹಾಗಾಗಿ ಐಫೋನ್ ಸ್ವಲ್ಪ ಹಗುರ, ಆಂಡ್ರಾಯ್ಡಲ್ಲಿ ಒಂದು ಆ್ಯಪಿನ ಕೆಲಸ ಜಾಸ್ತಿ, ಅಷ್ಟೇ ವ್ಯತ್ಯಾಸ.

ಪಾಪ್3 ಅಂತ ಯಾರಾದ್ರೂ ಸೆಟ್ ಮಾಡಿ ಕೊಟ್ರೆ ಮಾತ್ರ ಒಪ್ಕೋಬೇಡಿ. ಅದು ಮೇಲನ್ನ ಫೋನಿಗೆ ಇಳಿಸತ್ತೆ ಅಷ್ಟೇ, ನೀವು ಓದಿದ್ದು, ಕಳ್ಸಿದ್ದು, ಫೋಲ್ಡರಿಗೆ ಹಾಕಿದ್ದು ಯಾವುದೂ ಲ್ಯಾಪ್‌ಟಾಪಿಗೆ ಗೊತ್ತಾಗಲ್ಲ.

ಚಾರ್ಜರ್_ಚಂದ್ರು:

ಬ್ಯಾಟರಿ ವಿಷಯ ನಾನು ಹೇಳ್ತೀನಿ. ಆಂಡ್ರಾಯ್ಡ್ 6ರಿಂದ, 2015ರಿಂದ, ಡೋಝ್ ಅಂತ ಒಂದಿದೆ. ಸ್ಕ್ರೀನ್ ಆಫ್ ಆಗಿ ಫೋನ್ ಸ್ವಲ್ಪ ಹೊತ್ತು ಅಲ್ಲಾಡದೆ ಬಿದ್ದಿದ್ರೆ ಆ್ಯಪ್‌ಗಳ ನೆಟ್‌ವರ್ಕು, ಸಿಂಕು ಎಲ್ಲಾ ತಡೆದು, ಮಧ್ಯೆ ಮಧ್ಯೆ ಮಾತ್ರ ಸ್ವಲ್ಪ ಬಿಡುವು ಕೊಡತ್ತೆ. ಇದು ಎಲ್ಲಾ ಆಂಡ್ರಾಯ್ಡಲ್ಲೂ ಇರೋದು. ಇದರ ಮೇಲೆ ಕೆಲವು ಕಂಪನಿಗಳು ತಮ್ಮದೇ ಬ್ಯಾಟರಿ ಸೇವರ್ ಸೇರಿಸಿರ್ತವೆ, ಅವು ಇನ್ನೂ ಬಿಗಿ, ಕೆಲವು ದಿನ ತೆಗೀದೇ ಇದ್ದ ಆ್ಯಪನ್ನ ಪೂರ್ತಿ ಮಲಗಿಸಿಬಿಡ್ತವೆ.

ಸೆಟ್ಟಿಂಗ್ಸಲ್ಲಿ ಆ್ಯಪ್ಸ್, ಅದರೊಳಗೆ ಔಟ್‌ಲುಕ್, ಅದರೊಳಗೆ ಬ್ಯಾಟರಿ. ಅಲ್ಲಿರೋ ಆಯ್ಕೆಗಳಲ್ಲಿ ಅನ್‌ರಿಸ್ಟ್ರಿಕ್ಟೆಡ್ ಅಂತಿರೋದನ್ನ ಆರಿಸಿ. ಕ್ಯಾಲೆಂಡರ್ ಆ್ಯಪಿಗೂ ಹಾಗೇ ಮಾಡಿ. ಬ್ಯಾಕ್‌ಗ್ರೌಂಡ್ ಡೇಟಾ ಆನ್ ಇರಲಿ, ಅಕೌಂಟ್ಸಲ್ಲಿ ಆಟೋ ಸಿಂಕ್ ಆನ್ ಇದ್ಯಾ ನೋಡಿ. ಮುಖ್ಯವಾಗಿ ರೀಸೆಂಟ್ ಆ್ಯಪ್ಸಲ್ಲಿ ಎಲ್ಲಾ ಕ್ಲಿಯರ್ ಮಾಡೋ ಅಭ್ಯಾಸ ಇದ್ರೆ ಬಿಡಿ ಅಕ್ಕಾ, ಕೆಲವು ಫೋನಲ್ಲಿ ಅದು ಆ್ಯಪನ್ನ ಕೊಂದ ಹಾಗೇನೇ. ಇದನ್ನ ಹಳೇ ಫೋನಲ್ಲಿ ಇವತ್ತೇ ಮಾಡಿ ನೋಡಿ, ಇಷ್ಟಕ್ಕೇ ಸರಿ ಹೋದ್ರೂ ಹೋಯ್ತು.

ಹೊಸದು ತಗೊಳ್ಳೋದೇ ಆದ್ರೆ ಆಫೀಸ್ ಕೆಲಸಕ್ಕೆ ನೋಡ್ಬೇಕಾಗಿರೋದು ಎಷ್ಟು ವರ್ಷ ಅಪ್‌ಡೇಟ್ ಕೊಡ್ತಾರೆ ಅಂತ, ಪ್ರೊಸೆಸರ್ ಮೆಗಾಪಿಕ್ಸೆಲ್ ಎಲ್ಲಾ ಆಮೇಲೆ. ಸೆಕ್ಯೂರಿಟಿ ಪ್ಯಾಚ್ ನಿಂತ ಫೋನನ್ನ ಆಫೀಸಿನ ಪಾಲಿಸಿ ಒಂದಿನ ಹೊರಗೆ ನಿಲ್ಸತ್ತೆ, ಫೋನು ಎಷ್ಟೇ ಚೆನ್ನಾಗಿ ಓಡ್ತಿರಲಿ. ಗೂಗಲ್ 2023ರ ಪಿಕ್ಸೆಲ್ 8ರಿಂದ ಏಳು ವರ್ಷ ಅಂತ ಹೇಳಿದೆ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷ ಅಂತ ಹೇಳಿದೆ. ಕಡಿಮೆ ದರದ ಎಷ್ಟೋ ಮಾಡೆಲ್‌ಗಳಿಗೆ ಅಷ್ಟು ಇರಲ್ಲ, ಮಾಡೆಲ್ ಹೆಸರು ಹಿಡಿದು ಕಂಪನಿ ಪೇಜಲ್ಲೇ ನೋಡಿ. ಫೋನ್ ಬಿಡುಗಡೆ ಆದ ದಿನದಿಂದ ಲೆಕ್ಕ ಅದು, ನೀವು ಕೊಂಡ ದಿನದಿಂದ ಅಲ್ಲ. ಹಾಗಾಗಿ ಎರಡು ವರ್ಷ ಹಳೇ ಮಾಡೆಲ್ ಕಮ್ಮಿಗೆ ಸಿಕ್ತು ಅಂತ ತಗೊಂಡ್ರೆ ಆ ಎರಡು ವರ್ಷ ಕಳೆದೇ ಲೆಕ್ಕ ಹಾಕ್ಬೇಕು.

ಗೂಗಲ್ ಸರ್ವೀಸಸ್ ಇಲ್ಲದ ಆಂಡ್ರಾಯ್ಡ್ ಬೇಡ. 2019ರ ನಂತರದ ಹುವಾವೇ ಹೊಸ ಮಾಡೆಲ್‌ಗಳು ಹಾಗಿದಾವೆ, ಹಾರ್ಡ್‌ವೇರ್ ಚೆನ್ನಾಗಿದ್ರೂ ಔಟ್‌ಲುಕ್ ಪುಶ್ ಬರೋ ದಾರೀನೇ ಅಲ್ಲಿಲ್ಲ. ರೂಟ್ ಮಾಡಿರೋ, ಅಂದ್ರೆ ಸಿಸ್ಟಮ್ಮಿನ ಬೀಗ ಮುರಿದಿರೋ ಸೆಕೆಂಡ್ ಹ್ಯಾಂಡ್ ಫೋನೂ ಬೇಡ, ಕಂಪನಿ ಆ್ಯಪ್ ಒಳಗೇ ಬಿಡಲ್ಲ.

ಹಣ್ಣೆಲೆ:

ಔಟ್‌ಲುಕ್ ಒಂದೇ ಅಂತ ರೂಲ್ ಇದ್ರೆ ಸರ್ವರ್‌ಮನೆ ಅವ್ರ ಮಾತು ಸರಿ, ಒಪ್ತೀನಿ. ಆದ್ರೂ ಐಫೋನಲ್ಲಿ ದಾರಿ ಇಲ್ಲ ಅಂತಲ್ಲ, ಔಟ್‌ಲುಕ್ ಆ್ಯಪಿಗೇ ನಿಮ್ಮ ಜಿಮೇಲ್ ಅಕೌಂಟ್ ಸೇರಿಸಿದ್ರೆ ಎರಡೂ ಕ್ಯಾಲೆಂಡರ್ ಅಲ್ಲೇ ಒಟ್ಟಿಗೆ ಕಾಣತ್ತೆ, ಹೋಮ್ ಸ್ಕ್ರೀನಿಗೆ ಅದರ ವಿಜೆಟ್ಟೂ ಹಾಕ್ಕೋಬಹುದು. ಪರ್ಸನಲ್ ಅಕೌಂಟ್ ಸೇರಿಸೋಕೆ ಐಟಿ ಬಿಡತ್ತಾ ಅಂತ ಕೇಳ್ಬೇಕು ಅಷ್ಟೇ.

ಸುಮಾ_ಓಡಾಟ:

ಚಂದ್ರು, ನೀವು ಹೇಳಿದ ಬ್ಯಾಟರಿ ಸೆಟ್ಟಿಂಗ್ ಮಾಡ್ದೆ. ಆಮೇಲೆ ನನ್ನ ಕಲೀಗ್ ಹತ್ರ ಒಂದು ಸುಳ್ಳು ಮೀಟಿಂಗ್ ಹಾಕಿಸಿ, ಫೋನ್ ಸ್ಕ್ರೀನ್ ಆಫ್ ಮಾಡಿ ಟೇಬಲ್ ಮೇಲಿಟ್ಟು, ಅವ್ಳಿಗೆ ಟೈಮ್ ಬದಲಾಯಿಸೋಕೆ ಹೇಳ್ದೆ. ಔಟ್‌ಲುಕ್ ಮುಟ್ಟದೇನೇ ಫೋನಿನ ಕ್ಯಾಲೆಂಡರಲ್ಲಿ ಹೊಸ ಟೈಮ್ ಬಂತು! ಹಿಂದೆ ಹೀಗೆ ಆಗಿದ್ದೇ ಇಲ್ಲ.

ಈ ಫೋನಿಗೆ ಸೆಕ್ಯೂರಿಟಿ ಪ್ಯಾಚ್ ಬರೋದು ನಿಂತು ಹೋಗಿದೆ, ಐಟಿಯವ್ರೂ ಈ ವರ್ಷನ್ ಇನ್ನು ಹೆಚ್ಚು ದಿನ ನಡೆಯಲ್ಲ ಅಂದ್ರು, ಹಾಗಾಗಿ ಹೊಸದಂತೂ ಬೇಕೇ. ಜಿಮೇಲನ್ನ ಔಟ್‌ಲುಕ್ಕಿಗೆ ಸೇರಿಸೋಕೆ ನಮ್ಮಲ್ಲಿ ಬಿಡಲ್ವಂತೆ. ಅಲ್ಲಿಗೆ ನನಗೆ ಆಂಡ್ರಾಯ್ಡೇ ಸರಿ, ಏಳು ವರ್ಷ ಅಪ್‌ಡೇಟ್ ಇರೋ ಎರಡರಲ್ಲಿ ಕೈಗೆ ಹಗುರ ಅನ್ಸಿದ್ದು ತಗೋತೀನಿ. ವರ್ಕ್ ಪ್ರೊಫೈಲ್ ಬೇಡ, ಆ್ಯಪ್ ಪ್ರೊಟೆಕ್ಷನ್ ಸಾಕು. ವೈಪ್ ಬಗ್ಗೆ ಮೇಲ್ ಹಾಕಿದೀನಿ, ಉತ್ತರ ಬಂದ ಮೇಲೇ ಸೆಟ್ ಮಾಡೋದು. ಮಲ್ಲು ಅಣ್ಣ, ಈಗಲೇ ಕೂತು ಮನೆಯವ್ರ ನಂಬರ್ ಎಲ್ಲಾ ನನ್ನ ಅಕೌಂಟಿಗೆ ಬದಲಾಯಿಸ್ತಾ ಇದೀನಿ, ಎಷ್ಟೊಂದು ಆಫೀಸ್ ಅಕೌಂಟಲ್ಲೇ ಇದ್ವು.

ಸರ್ವರ್‌ಮನೆ:

ಒಳ್ಳೇದಾಯ್ತು. ಹೊಸ ಫೋನ್ ಕೈಗೆ ಬಂದ ದಿನ ಹಳೇದನ್ನ ರೀಸೆಟ್ ಮಾಡೋಕೆ ಅವಸರ ಮಾಡ್ಬೇಡಿ. ಲಾಗಿನ್ ಕನ್ಫರ್ಮೇಷನ್ ಬರೋ ಅಥೆಂಟಿಕೇಟರ್ ಆ್ಯಪ್ ಹಳೇ ಫೋನಲ್ಲಿರತ್ತೆ, ಅದನ್ನ ಅಳಿಸಿಬಿಟ್ರೆ ಹೊಸ ಫೋನಲ್ಲಿ ಔಟ್‌ಲುಕ್ ಹಾಕೋವಾಗ ಒಪ್ಪಿಗೆ ಕೊಡೋಕೆ ಏನೂ ಇರಲ್ಲ, ಮತ್ತೆ ಐಟಿಗೆ ಫೋನ್ ಮಾಡಿ ಕಾಯಬೇಕು. ಮೊದಲು ಹೊಸದರಲ್ಲಿ ಅಥೆಂಟಿಕೇಟರ್ ಸೇರಿಸಿ, ಅದರಿಂದ ಒಂದ್ಸಲ ಲಾಗಿನ್ ಆಗಿ ನೋಡಿ, ಮೂರೂ ಸಿಂಕ್ ಆಗ್ತಿದೆ ಅಂತ ನಿಮ್ಮ ಕಲೀಗ್ ಹತ್ರ ಅದೇ ಸುಳ್ಳು ಮೀಟಿಂಗ್ ಟೆಸ್ಟ್ ಮಾಡಿಸಿ, ಆಮೇಲೆ ಹಳೇದರಿಂದ ಆಫೀಸ್ ಅಕೌಂಟ್ ತೆಗೆದು ರೀಸೆಟ್ ಒತ್ತಿ.